ಕಂಪೈಲ್ ಆದ ಕೋಡಿಗೆ ಪ್ರಶ್ನೆ ಕೇಳುವ ಬಗೆ

(ಎಂಜಿನಿಯರಿಂಗ್ ವಿದ್ಯಾರ್ಥಿಗಳು ಮತ್ತು ಕಿರಿಯ ಸಹೋದ್ಯೋಗಿಗಳ ಮುಂದೆ ಕನ್ನಡದಲ್ಲಿ ನೀಡಿದ ಉಪನ್ಯಾಸದ ಬರಹ ರೂಪ. ಅಂದು ಪರದೆಯ ಮೇಲೆ ತೋರಿಸಿದ ಕೋಡನ್ನು ಇಲ್ಲಿ ಮಾತುಗಳಲ್ಲಿ ವಿವರಿಸಿದ್ದೇನೆ.)

ಸ್ನೇಹಿತರೇ, ಸಿ ಭಾಷೆಯಲ್ಲಿ ಬರೆದು ಕಂಪೈಲ್ ಮಾಡಿದ, ಅಂದರೆ ಯಂತ್ರದ ಭಾಷೆಗೆ ಇಳಿಸಿದ ಕೋಡನ್ನು, ಕೊಟ್ಟ ಸಾಲನ್ನು ಆ ಕ್ಷಣವೇ ನಡೆಸಿ ಉತ್ತರ ತೋರಿಸುವ ಪೈಥಾನಿನಂಥ ಇಂಟರ್‌ಪ್ರಿಟರಿನಿಂದ ಕರೆದು ಪರೀಕ್ಷಿಸುವುದು ಹೇಗೆ ಎಂಬುದು ಇಂದಿನ ವಿಷಯ. ಒಂದು ಊರಿನ ಹೆಸರಿನಿಂದ ಮಾತು ಆರಂಭಿಸುತ್ತೇನೆ. ಶ್ರೀರಂಗಪಟ್ಟಣ. ಓದುವವರಿಗೆ ಇದರಲ್ಲಿ ಆರು ಅಕ್ಷರಗಳಿವೆ: ಶ್ರೀ, ರಂ, ಗ, ಪ, ಟ್ಟ, ಣ. ಲಿಪಿಗಳ ಪ್ರತಿ ಚಿಹ್ನೆಗೂ ಒಂದೊಂದು ಸಂಖ್ಯೆ ಕೊಡುವ ಯೂನಿಕೋಡಿನ ಲೆಕ್ಕದಲ್ಲಿ ಹನ್ನೆರಡು ಸಂಕೇತಗಳಿವೆ, ಏಕೆಂದರೆ ಅಲ್ಲಿ ಹಲಂತ, ದೀರ್ಘದ ಗುಣಿತಚಿಹ್ನೆ, ಅನುಸ್ವಾರ ಎಲ್ಲವೂ ಬೇರೆಬೇರೆಯಾಗಿ ಎಣಿಕೆಗೆ ಬರುತ್ತವೆ. ಈ ಸಂಕೇತಗಳನ್ನು ಬೈಟ್‌ಗಳಾಗಿ ಬರೆಯುವ ಯುಟಿಎಫ್-8 ವಿಧಾನದಲ್ಲಿ ಕನ್ನಡದ ಪ್ರತಿ ಸಂಕೇತಕ್ಕೂ ಮೂರು ಬೈಟ್ ಬೇಕಾಗುವುದರಿಂದ ಈ ಹೆಸರು ಮೆಮೊರಿಯಲ್ಲಿ 36 ಬೈಟ್ ಜಾಗ ಹಿಡಿಯುತ್ತದೆ. ಕೆಲವು ವರ್ಷಗಳ ಹಿಂದೆ ನಾನು ಕೆಲಸ ಮಾಡುತ್ತಿದ್ದ ಒಂದು ಯೋಜನೆಯಲ್ಲಿ, ನಿಲ್ದಾಣಗಳ ಹೆಸರನ್ನು ಕನ್ನಡದಲ್ಲಿ ತೋರಿಸುವ ಒಂದು ಸಣ್ಣ ಉಪಕರಣವಿತ್ತು. ಅದರಲ್ಲಿ ಒಂದು ಹೆಸರಿಗೆಂದು ಮೀಸಲಾಗಿದ್ದದ್ದು 32 ಬೈಟ್. ಪಠ್ಯ ಮುಗಿಯಿತೆಂದು ಸಿ ಭಾಷೆಗೆ ತಿಳಿಸುವ ಕೊನೆಯ ಸೊನ್ನೆಗೆ ಒಂದನ್ನು ಬಿಟ್ಟರೆ ಉಳಿಯುವುದು 31. ಉದ್ದದ ಹೆಸರನ್ನು ಈ ಮಿತಿಗೆ ಕತ್ತರಿಸುವ ಒಂದು ಫಂಕ್ಷನ್ ಸಿ ಭಾಷೆಯಲ್ಲಿ ಬರೆದಿತ್ತು, ಇಪ್ಪತ್ತು ಸಾಲಿನದು. ಅದು 31 ಬೈಟ್‌ಗಳನ್ನು ಎಣಿಸಿ ಅಲ್ಲಿಗೆ ನಿಲ್ಲಿಸುತ್ತಿತ್ತು. ಪರಿಣಾಮವಾಗಿ ಪರದೆಯ ಮೇಲೆ 'ಶ್ರೀರಂಗಪಟ್' ಎಂದು ಮೂಡಿ, ಅದರ ಮುಂದೆ ಮುರಿದ ಸಂಕೇತದ ಒಂದೇ ಒಂದು ಬೈಟ್ ಖಾಲಿ ಚೌಕವಾಗಿ ಕಾಣುತ್ತಿತ್ತು.

ದೋಷವೇನೋ ಸಣ್ಣದು. ನಾನು ನಿಮ್ಮ ಗಮನಕ್ಕೆ ತರಬಯಸುವುದು ಅದನ್ನು ಹುಡುಕಲು ನಾವು ತೆತ್ತ ಬೆಲೆಯನ್ನು. ಕೋಡಿನಲ್ಲಿ ಒಂದು ಹೆಸರು ಬದಲಿಸಬೇಕು, ಕಂಪೈಲ್ ಮಾಡಬೇಕು, ಉಪಕರಣದೊಳಕ್ಕೆ ಇಳಿಸಬೇಕು, ಅದು ಮತ್ತೆ ಚಾಲೂ ಆಗುವವರೆಗೆ ಕಾಯಬೇಕು, ಪರದೆಯನ್ನು ಕಣ್ಣಾರೆ ನೋಡಬೇಕು. ಒಂದು ಪ್ರಶ್ನೆಗೆ ಐದು ನಿಮಿಷ. ಪ್ರಶ್ನೆಯೊಂದಕ್ಕೆ ಇಷ್ಟು ಸಮಯ ಹಿಡಿದರೆ ದಿನಕ್ಕೆ ನಾವು ಕೇಳುವ ಪ್ರಶ್ನೆಗಳು ಹತ್ತೋ ಹದಿನೈದೋ ಆಗುತ್ತವೆ, ಮತ್ತು ಆ ಹದಿನೈದೂ ನಮಗೆ ಮೊದಲೇ ಅನುಮಾನವಿದ್ದ ಪ್ರಶ್ನೆಗಳೇ ಆಗಿರುತ್ತವೆ. ಅನುಮಾನವೇ ಇರದ ಕಡೆ ಕೈಹಾಕಿ ನೋಡುವ ಧೈರ್ಯ ಯಾರಿಗೂ ಬರುವುದಿಲ್ಲ. ಆದರೆ ದೋಷಗಳು ಸಾಮಾನ್ಯವಾಗಿ ಅಡಗಿರುವುದು ಅನುಮಾನವಿರದ ಕಡೆಯಲ್ಲೇ. ಆದ್ದರಿಂದ ಪರೀಕ್ಷೆಯ ಗುಣಮಟ್ಟವನ್ನು ನಿರ್ಧರಿಸುವ ಸಂಗತಿಗಳಲ್ಲಿ ಒಂದು ಪ್ರಶ್ನೆಗೆ ಹಿಡಿಯುವ ಸಮಯಕ್ಕೆ ಎಲ್ಲಕ್ಕಿಂತ ಹೆಚ್ಚಿನ ತೂಕವಿದೆ ಎಂದು ನಾನು ನಂಬಿದ್ದೇನೆ. ಇಂದು ಹೇಳಲಿರುವ ವಿಧಾನ ಆ ಸಮಯವನ್ನು ನಿಮಿಷಗಳಿಂದ ಕ್ಷಣಕ್ಕೆ ಇಳಿಸುವ ವಿಧಾನ.

ಉಪಕರಣಕ್ಕೆಂದು ಬರೆದ ಅದೇ ಸಿ ಫೈಲನ್ನು, ಒಂದಕ್ಷರವನ್ನೂ ಬದಲಿಸದೆ, ನಮ್ಮ ಮೇಜಿನ ಕಂಪ್ಯೂಟರಿನಲ್ಲಿ ಶೇರ್ಡ್ ಲೈಬ್ರರಿಯಾಗಿ, ಅಂದರೆ ಬೇರೆ ಪ್ರೋಗ್ರಾಮುಗಳು ಲೋಡ್ ಮಾಡಿಕೊಂಡು ಕರೆಯಬಹುದಾದ ಫೈಲಾಗಿ, ಕಂಪೈಲ್ ಮಾಡಿದೆವು. ಪೈಥಾನ್ ತೆರೆದು, ಅದರಲ್ಲೇ ಇರುವ ಸಿಟೈಪ್ಸ್ ಎಂಬ ಮಾಡ್ಯೂಲಿನ ಮೂಲಕ ಆ ಲೈಬ್ರರಿಯನ್ನು ಲೋಡ್ ಮಾಡಿದೆವು. ಸಿಟೈಪ್ಸ್ 2006ರಲ್ಲಿ ಬಂದ ಪೈಥಾನ್ 2.5ರಿಂದಲೂ ಭಾಷೆಯ ಜೊತೆಯಲ್ಲೇ ಬರುತ್ತಿರುವುದರಿಂದ ಬೇರೆ ಏನನ್ನೂ ಹಾಕಿಕೊಳ್ಳಬೇಕಾಗಲಿಲ್ಲ. ಅಲ್ಲಿಂದ ಮುಂದೆ ಕತ್ತರಿಸುವ ಫಂಕ್ಷನನ್ನು ಹೆಸರಿಟ್ಟು ಕರೆದರೆ ಸಾಕು, ಮರುಕ್ಷಣವೇ ಉತ್ತರ ಎದುರಿಗೆ ಬರುತ್ತದೆ. ಮಿತಿಯನ್ನು 31ರಿಂದ 30ಕ್ಕೆ ಇಳಿಸಿದರೆ ಏನಾಗುತ್ತದೆ, 29ಕ್ಕೆ ಇಳಿಸಿದರೆ ಏನಾಗುತ್ತದೆ, ಸೊನ್ನೆ ಕೊಟ್ಟರೆ ಏನಾಗುತ್ತದೆ ಎಂದು ಒಂದರ ಹಿಂದೊಂದು ಕೇಳುತ್ತಾ ಹೋಗಬಹುದು. ಹೀಗೆ ಕೇಳತೊಡಗಿದ ಮೊದಲ ದಿನವೇ, ಆ ಫಂಕ್ಷನನ್ನು ಬರೆದ ನಾನು ಅದನ್ನು ಅಷ್ಟರವರೆಗೆ ಸರಿಯಾಗಿ ನೋಡಿಯೇ ಇರಲಿಲ್ಲ ಎಂಬುದು ನನಗೆ ತಿಳಿಯಿತು.

ಮೊದಲ ದಿನವೇ ಇನ್ನೊಂದು ಪಾಠವೂ ಆಯಿತು. ಹೊಸಬರೆಲ್ಲರೂ ಎಡವುವ ಜಾಗವಾದ್ದರಿಂದ ಅದನ್ನು ವಿವರವಾಗಿ ಹೇಳುತ್ತೇನೆ. ಸಿ ಭಾಷೆಯ ಸ್ಟ್ರಿಂಗ್ ಉದ್ದ ಎಣಿಸುವ ಫಂಕ್ಷನಿಗೆ ಪೈಥಾನಿನಿಂದ 'ಶ್ರೀರಂಗಪಟ್ಟಣ' ಎಂದು ನೇರವಾಗಿ ಕಳುಹಿಸಿ ನೋಡಿ. 36 ಬರಬೇಕಾದಲ್ಲಿ 2 ಎಂಬ ಉತ್ತರ ಬರುತ್ತದೆ. ಕಾರಣವಿಷ್ಟೇ: ನಾವು ಬೈಟ್‌ಗಳಾಗಿ ಪರಿವರ್ತಿಸದೆ ಪಠ್ಯವನ್ನೇ ಕೊಟ್ಟರೆ ಸಿಟೈಪ್ಸ್ ಅದನ್ನು ಅಗಲ ಅಕ್ಷರಗಳ ರೂಪದಲ್ಲಿ ದಾಟಿಸುತ್ತದೆ, ಮತ್ತು ಲಿನಕ್ಸಿನಲ್ಲಿ ಅಂಥ ಒಂದು ಅಕ್ಷರಕ್ಕೆ ನಾಲ್ಕು ಬೈಟ್. 'ಶ'ದ ಸಂಕೇತ ಸಂಖ್ಯೆ 3254. ಮೆಮೊರಿಯಲ್ಲಿ ಅದು 182, 12, 0, 0 ಎಂದು ಕೂರುತ್ತದೆ. ಸಿ ಫಂಕ್ಷನ್ ಮೊದಲ ಸೊನ್ನೆ ಕಂಡಲ್ಲಿಗೆ ಎಣಿಕೆ ಮುಗಿಸಿ ಎರಡು ಎನ್ನುತ್ತದೆ. ಎರಡೂ ಭಾಷೆಗಳು ತಮ್ಮ ತಮ್ಮ ನಿಯಮಕ್ಕೆ ಸರಿಯಾಗಿಯೇ ನಡೆದುಕೊಂಡಿವೆ. ತಪ್ಪಿದ್ದದ್ದು ಅವುಗಳ ನಡುವಿನ ಗಡಿಯಲ್ಲಿ, ಏಕೆಂದರೆ ಅಲ್ಲಿ ಏನು ದಾಟುತ್ತದೆ ಎಂಬುದನ್ನು ನಾವು ಘೋಷಿಸಿರಲಿಲ್ಲ. ಪ್ರತಿ ಫಂಕ್ಷನಿಗೂ ಅದರ ವಾದಗಳ ಟೈಪು ಮತ್ತು ಅದು ಹಿಂತಿರುಗಿಸುವ ಮೌಲ್ಯದ ಟೈಪನ್ನು ಮೊದಲೇ ಬರೆದಿಡುವುದು ಕಡ್ಡಾಯ ಎಂದೇ ತಿಳಿಯಿರಿ. ಬರೆಯದಿದ್ದರೆ ಹಿಂತಿರುಗುವುದೆಲ್ಲ ಸಾಧಾರಣ ಪೂರ್ಣಾಂಕ ಎಂದು ಸಿಟೈಪ್ಸ್ ಭಾವಿಸುತ್ತದೆ, ಆಗ 64 ಬಿಟ್ ಯಂತ್ರದಲ್ಲಿ ಹಿಂತಿರುಗುವ ಪಾಯಿಂಟರಿನ, ಅಂದರೆ ಮೆಮೊರಿ ವಿಳಾಸದ, ಅರ್ಧ ಭಾಗ ಕಳೆದುಹೋಗುತ್ತದೆ.

ಈಗ ಮುಖ್ಯ ಸಂಗತಿಗೆ ಬರುತ್ತೇನೆ. ಕೈಯಿಂದ ಒಂದೊಂದೇ ಪ್ರಶ್ನೆ ಕೇಳುವುದರಿಂದ ಕೋಡಿನ ಪರಿಚಯವಾಗುತ್ತದೆ, ಆದರೆ ಈ ವಿಧಾನದ ನಿಜವಾದ ಬಲ ಗೊತ್ತಾಗುವುದು ಸರಿಯಾದ ಉತ್ತರ ಯಾವುದು ಎಂಬುದನ್ನು ಇಂಟರ್‌ಪ್ರಿಟರಿನ ಬದಿಯಲ್ಲೇ ಬರೆಯತೊಡಗಿದಾಗ. ನಮ್ಮ ಫಂಕ್ಷನಿನಿಂದ ನಾವು ನಿರೀಕ್ಷಿಸುವುದೇನು? ಉತ್ತರ ಮಿತಿಯನ್ನು ಮೀರಬಾರದು, ಅದು ಮೂಲ ಹೆಸರಿನ ಮೊದಲ ಭಾಗವೇ ಆಗಿರಬೇಕು, ಯುಟಿಎಫ್-8 ಆಗಿ ಓದಲು ಬರಬೇಕು, ಮತ್ತು ಕತ್ತರಿ ಬಿದ್ದದ್ದು ಅಕ್ಷರದ ಅಂಚಿನಲ್ಲೇ ಆಗಿರಬೇಕು. ಕೊನೆಯ ಷರತ್ತನ್ನು ಸಿ ಭಾಷೆಯ ಟೆಸ್ಟಿನಲ್ಲಿ ಬರೆಯಹೊರಟರೆ ಅದು ಮೂಲ ಫಂಕ್ಷನಿಗಿಂತ ದೊಡ್ಡದಾಗಿ, ಅದರಲ್ಲೇ ಹೊಸ ತಪ್ಪುಗಳು ಸೇರಿಕೊಳ್ಳುತ್ತವೆ. ಪೈಥಾನಿನಲ್ಲಾದರೆ ಯೂನಿಕೋಡಿನ ಪ್ರತಿ ಸಂಕೇತದ ವರ್ಗವನ್ನು ಹೇಳುವ ಮಾಡ್ಯೂಲು ಸಿದ್ಧವಾಗಿಯೇ ಇದೆ. ಕತ್ತರಿಸಿದ ಜಾಗದ ಮುಂದಿನ ಸಂಕೇತ ಗುಣಿತಚಿಹ್ನೆಯೋ ಅನುಸ್ವಾರವೋ ಹಲಂತವೋ ಆಗಿರಬಾರದು. ಹಿಂದಿನದು ಹಲಂತವಾಗಿದ್ದರೆ ಮುಂದಿನದು ವ್ಯಂಜನವಾಗಿರಬಾರದು. ಇದು ನಾಲ್ಕು ಸಾಲಿನ ಮಾತು. ಬೇರೆ ಭಾಷೆಯಲ್ಲಿ, ಬೇರೆ ದಾರಿಯಿಂದ ಬರೆದ ಈ ನಾಲ್ಕು ಸಾಲು ಸಿ ಫಂಕ್ಷನಿಗೆ ಸ್ವತಂತ್ರ ಸಾಕ್ಷಿಯಾಗಿ ನಿಲ್ಲುತ್ತದೆ. ನಮ್ಮಲ್ಲಿದ್ದ ಎಲ್ಲ ನಿಲ್ದಾಣಗಳ ಹೆಸರುಗಳನ್ನು ತೆಗೆದುಕೊಂಡು, ಪ್ರತಿಯೊಂದನ್ನೂ 0ಯಿಂದ 100ರವರೆಗಿನ ಎಲ್ಲ ಮಿತಿಗಳಿಗೂ ಕತ್ತರಿಸಿ, ಪ್ರತಿ ಉತ್ತರವನ್ನೂ ಈ ಷರತ್ತುಗಳ ಎದುರು ನಿಲ್ಲಿಸಿದೆವು. ಉಪಕರಣದ ಮೇಲೆ ತಿಂಗಳುಗಟ್ಟಲೆ ಹಿಡಿಯುತ್ತಿದ್ದ ಕೆಲಸ ಕೆಲವೇ ಕ್ಷಣಗಳಲ್ಲಿ ಮುಗಿಯಿತು.

ಆ ಹೊತ್ತಿಗೆ ನಾವು ಮೊದಲ ದೋಷಕ್ಕೆ ಪರಿಹಾರವನ್ನು ಬರೆದಾಗಿತ್ತು: ಉತ್ತರದ ಕೊನೆಯಲ್ಲಿ ಹಲಂತವಿದ್ದರೆ ಅದನ್ನು ತೆಗೆದುಬಿಡುವುದು. 'ಶ್ರೀರಂಗಪಟ್' ಎಂದು ನೇತಾಡುವ ಬದಲು 'ಶ್ರೀರಂಗಪಟ' ಎಂದಾಗುತ್ತದೆ, ನೋಡಲು ಪರವಾಗಿಲ್ಲ ಎಂದುಕೊಂಡಿದ್ದೆವು. ಪಟ್ಟಿಯನ್ನು ಓಡಿಸಿದಾಗ ಮೊದಲು ಸಿಕ್ಕಿಬಿದ್ದದ್ದು 'ಮೆಜೆಸ್ಟಿಕ್'. ಅದು 30 ಬೈಟಿನ ಹೆಸರು, ಕತ್ತರಿಸುವ ಅಗತ್ಯವೇ ಇಲ್ಲ, ಆದರೆ ಅದರ ಕೊನೆಯ ಹಲಂತ ಸಹಜವಾಗಿಯೇ ಅಲ್ಲಿರುವಂಥದು. ನಮ್ಮ ಪರಿಹಾರ ಅದನ್ನು 'ಮೆಜೆಸ್ಟಿಕ' ಮಾಡಿಬಿಟ್ಟಿತ್ತು. ಕನ್ನಡದಲ್ಲಿ ವ್ಯಂಜನಾಂತ ಪದಗಳು ಎಷ್ಟಿವೆ, ಅದರಲ್ಲೂ ನಗರದ ನಿಲ್ದಾಣಗಳ ಹೆಸರಿನಲ್ಲಿ ಎಷ್ಟಿವೆ ಎಂಬುದು ನಮಗೆಲ್ಲ ಗೊತ್ತಿರುವುದೇ. ಗೊತ್ತಿದ್ದೂ ಯಾರಿಗೂ ಹೊಳೆದಿರಲಿಲ್ಲ. ಮುಂದೆ 'ರಾಜ್‌ಕುಮಾರ್ ರಸ್ತೆ' ಬಂತು. ಅದರಲ್ಲಿ ಜ್ ಮತ್ತು ಕು ಒತ್ತಕ್ಷರವಾಗಿ ಸೇರದಂತೆ ನಡುವೆ ಕಣ್ಣಿಗೆ ಕಾಣದ ಒಂದು ಸಂಕೇತವಿರುತ್ತದೆ, ಅದಕ್ಕೂ ಮೂರು ಬೈಟ್. ಆಮೇಲೆ ಶ್ರೀರಂಗಪಟ್ಟಣವೇ ಇನ್ನೊಂದು ವೇಷದಲ್ಲಿ ಬಂತು: ಯೂನಿಕೋಡಿನ ಪ್ರಕಾರ ದೀರ್ಘದ ಗುಣಿತಚಿಹ್ನೆಯನ್ನು ಒಂದೇ ಸಂಕೇತವಾಗಿಯೂ ಬರೆಯಬಹುದು, ಗುಡಿಸು ಮತ್ತು ದೀರ್ಘದ ಗುರುತು ಎಂಬ ಎರಡಾಗಿ ಬಿಡಿಸಿಯೂ ಬರೆಯಬಹುದು. ಬಿಡಿಸಿ ಬರೆದರೆ ಅದೇ ಹೆಸರು 39 ಬೈಟ್ ಆಗುತ್ತದೆ. ಪಟ್ಟಿಯಲ್ಲಿನ ಎಲ್ಲ ಹೆಸರುಗಳನ್ನೂ ಹೀಗೆ ಬಿಡಿಸಿದ ರೂಪಕ್ಕೆ ತಂದು ಮತ್ತೊಮ್ಮೆ ಓಡಿಸಲು ಬೇಕಾದದ್ದು ಒಂದೇ ಸಾಲು.

ಮಿತಿ ಮೀರಿ ಬರೆಯುತ್ತಿದೆಯೇ ಎಂದು ನೋಡುವುದಕ್ಕೂ ಇಲ್ಲಿ ಸುಲಭದ ಉಪಾಯವಿದೆ. ಉತ್ತರಕ್ಕೆಂದು ಕೊಡುವ ಬಫರನ್ನು, ಅಂದರೆ ಮೆಮೊರಿಯ ಮೀಸಲು ಜಾಗವನ್ನು, ಬೇಕಾದದ್ದಕ್ಕಿಂತ ದೊಡ್ಡದಾಗಿ ಮಾಡಿ, ಅದರ ಪ್ರತಿ ಬೈಟಿಗೂ 170 ಎಂಬ ಸಂಖ್ಯೆಯನ್ನು ತುಂಬಿ, ಫಂಕ್ಷನ್ ಕರೆದ ನಂತರ ಮಿತಿಯಾಚೆಗಿನ 170ಗಳು ಹಾಗೆಯೇ ಇವೆಯೇ ಎಂದು ನೋಡಿದರಾಯಿತು. ಹೆಸರಿನ ಉದ್ದವೂ ಮಿತಿಯೂ ಸರಿಸಮವಾದಾಗ ಮಾತ್ರ ನಮ್ಮ ಫಂಕ್ಷನ್ ಕೊನೆಯ ಸೊನ್ನೆಯನ್ನು ಒಂದು ಬೈಟ್ ಆಚೆಗೆ ಬರೆಯುತ್ತಿತ್ತು. ಉಪಕರಣದಲ್ಲಿ ಆ ಬೈಟಿನಲ್ಲಿ ಮುಂದಿನ ನಿಲ್ದಾಣದ ಹೆಸರು ಆರಂಭವಾಗುತ್ತಿತ್ತು. ಒಮ್ಮೊಮ್ಮೆ ಒಂದು ಹೆಸರು ಪೂರ್ತಿ ಮಾಯವಾಗುತ್ತದೆ ಎಂಬ ದೂರು ಬಹಳ ದಿನಗಳಿಂದ ಇತ್ತು, ಅದಕ್ಕೆ ಕಾರಣ ಅಂದು ಸಿಕ್ಕಿತು. ಇಲ್ಲೊಂದು ಎಚ್ಚರಿಕೆ: ಪೈಥಾನಿನ ಬೈಟ್ಸ್ ಬದಲಾಗಬಾರದ ವಸ್ತು, ಆದ್ದರಿಂದ ಸಿ ಫಂಕ್ಷನ್ ಬರೆಯುವ ಜಾಗಕ್ಕೆ ಅದನ್ನು ಎಂದೂ ಕೊಡಬೇಡಿ, ಬರೆಯಲೆಂದೇ ಸಿಟೈಪ್ಸ್ ಮಾಡಿಕೊಡುವ ಬಫರನ್ನೇ ಕೊಡಿ.

ಇಷ್ಟನ್ನು ಕೇಳಿ ಇದೇನೋ ಹೊಸ ಯೋಚನೆ ಎಂದುಕೊಳ್ಳಬಾರದು. ಬರ್ಕ್‌ಲಿಯಲ್ಲಿ ಚಿಪ್ ವಿನ್ಯಾಸದ ಸಾಧನಗಳನ್ನು ಕಟ್ಟುತ್ತಿದ್ದ ಜಾನ್ ಔಸ್ಟರ್‌ಹೌಟ್, ಪ್ರತಿ ಸಾಧನಕ್ಕೂ ಒಂದೊಂದು ಅರೆಬರೆ ಕಮಾಂಡ್ ಭಾಷೆ ಹುಟ್ಟಿಕೊಳ್ಳುವುದನ್ನು ಕಂಡು, ಯಾವ ಸಿ ಪ್ರೋಗ್ರಾಮಿನೊಳಗಾದರೂ ಕೂರಿಸಬಹುದಾದ ಟಿಕಲ್ ಎಂಬ ಭಾಷೆಯನ್ನು 1988ರಲ್ಲಿ ಆರಂಭಿಸಿದರು. 1995ರಲ್ಲಿ ಲಾಸ್ ಅಲಮಾಸ್ ರಾಷ್ಟ್ರೀಯ ಪ್ರಯೋಗಾಲಯದಲ್ಲಿ ಡೇವಿಡ್ ಬೀಜ಼್ಲಿಯವರು ಸ್ವಿಗ್ ಎಂಬ ಸಾಧನವನ್ನು ಬರೆಯತೊಡಗಿದರು. ಅಲ್ಲಿ ಅಣುಗಳ ಚಲನೆಯನ್ನು ಲೆಕ್ಕಹಾಕುವ ದೊಡ್ಡ ಸಿ ಪ್ರೋಗ್ರಾಮುಗಳಿದ್ದವು, ಅವುಗಳನ್ನು ಬಳಸುತ್ತಿದ್ದ ಭೌತವಿಜ್ಞಾನಿಗಳಿಗೆ ಅವನ್ನು ಒಂದೊಂದು ಹೆಜ್ಜೆಯಾಗಿ ನಡೆಸಿ ನೋಡುವ ಅನುಕೂಲ ಬೇಕಿತ್ತು. ಫಂಕ್ಷನ್‌ಗಳ ಹೆಸರು ಮತ್ತು ಟೈಪುಗಳನ್ನು ಬರೆದಿಡುವ ಹೆಡರ್ ಫೈಲಿನಲ್ಲಿರುವ ಘೋಷಣೆಗಳನ್ನು ಓದಿ, ಆ ಫಂಕ್ಷನ್‌ಗಳನ್ನು ಸ್ಕ್ರಿಪ್ಟಿಂಗ್ ಭಾಷೆಗೆ ತೋರಿಸುವ ನಡುವಿನ ಕೋಡನ್ನು ತಾನೇ ಬರೆದುಕೊಡುವುದು ಸ್ವಿಗ್‌ನ ಕೆಲಸ. ಇಂದು ಸಿ++ ಬಳಸುವವರು ಸಾಮಾನ್ಯವಾಗಿ ಪೈಬೈಂಡ್11 ಹಿಡಿಯುತ್ತಾರೆ, ಫೋರ್ಟ್ರಾನ್ ಇರುವವರು ಎಫ್2ಪೈ ಹಿಡಿಯುತ್ತಾರೆ. ಸಾಧನ ಯಾವುದೇ ಆಗಲಿ, ತತ್ವ ಒಂದೇ: ಕಂಪೈಲ್ ಆದ ಕೋಡನ್ನು ಇಂಟರ್‌ಪ್ರಿಟರಿನಿಂದ ಕರೆದು ನೋಡುವುದು.

ಈ ತತ್ವವನ್ನು ಅತ್ಯಂತ ಶ್ರದ್ಧೆಯಿಂದ ಪಾಲಿಸಿದ ಉದಾಹರಣೆ ನಿಮ್ಮೆಲ್ಲರ ಜೇಬಿನಲ್ಲೂ ಇದೆ. ನಿಮ್ಮ ಫೋನಿನ ಸಂಪರ್ಕಗಳು, ಸಂದೇಶಗಳು ಕುಳಿತಿರುವ ಎಸ್‌ಕ್ಯುಲೈಟ್ ಎಂಬ ಡೇಟಾಬೇಸ್ ಅದು. ರಿಚರ್ಡ್ ಹಿಪ್ ಅವರು 2000ದಲ್ಲಿ ಅದನ್ನು ಬಿಡುಗಡೆ ಮಾಡಿದಾಗ ಅದು ಟಿಕಲ್ ಭಾಷೆಗೆ ಸೇರಿಸುವ ಒಂದು ವಿಸ್ತರಣೆಯ ರೂಪದಲ್ಲೇ ಬೆಳೆದಿತ್ತು, ಆ ನಂಟು ಅದರ ಪರೀಕ್ಷೆಯಲ್ಲಿ ಇಂದಿಗೂ ಉಳಿದಿದೆ. ಎಸ್‌ಕ್ಯುಲೈಟ್ ಪೂರ್ತಿ ಸಿ ಭಾಷೆಯಲ್ಲಿದೆ. ಅದರ ದಿನನಿತ್ಯದ ಪರೀಕ್ಷೆಗಳಾದರೋ ಟಿಕಲ್‌ನಲ್ಲಿವೆ, ಸಾವಿರಕ್ಕೂ ಹೆಚ್ಚು ಫೈಲುಗಳಲ್ಲಿ. ಅವನ್ನು ನಡೆಸಲು ಟೆಸ್ಟ್‌ಫಿಕ್ಸ್‌ಚರ್ ಎಂಬ ವಿಶೇಷ ಪ್ರೋಗ್ರಾಮನ್ನು ಕಟ್ಟುತ್ತಾರೆ. ಅದು ಒಂದು ಟಿಕಲ್ ಇಂಟರ್‌ಪ್ರಿಟರೇ, ಆದರೆ ಡೇಟಾಬೇಸಿನ ಸಾರ್ವಜನಿಕ ಫಂಕ್ಷನ್‌ಗಳ ಜೊತೆಗೆ, ಒಳಗಿನ ಭಾಗಗಳನ್ನು ಮುಟ್ಟುವ ಕಮಾಂಡುಗಳನ್ನೂ ಅದಕ್ಕೆ ಸೇರಿಸಿರುತ್ತಾರೆ.

ಆ ಒಳಗಿನ ಕಮಾಂಡುಗಳಲ್ಲಿ ಒಂದನ್ನು ಕಂಡಾಗ ನನಗೆ ಬಹಳ ಸಂತೋಷವಾಗಿತ್ತು. ಮೆಮೊರಿ ಕೇಳುವ ಇಂತಿಷ್ಟನೆಯ ಕೋರಿಕೆ ವಿಫಲವಾಗಲಿ ಎಂದು ಇಂಟರ್‌ಪ್ರಿಟರಿನಿಂದಲೇ ಹೇಳಬಲ್ಲ ಕಮಾಂಡ್ ಅದು. ಅದನ್ನು ಬಳಸಿ ಅವರು ಹೀಗೆ ಮಾಡುತ್ತಾರೆ: ಡೇಟಾಬೇಸಿಗೆ ಕೇಳುವ ಒಂದು ಪ್ರಶ್ನೆಯನ್ನು (ಕ್ವೆರಿ) ನಡೆಸುವಾಗ ಮೊದಲ ಕೋರಿಕೆಯನ್ನು ವಿಫಲಗೊಳಿಸುತ್ತಾರೆ, ಪ್ರೋಗ್ರಾಮ್ ಸಾವಧಾನವಾಗಿ ಹಿಂದೆ ಸರಿಯಿತೇ, ಡೇಟಾಬೇಸ್ ಕೆಡದೆ ಉಳಿಯಿತೇ ಎಂದು ನೋಡುತ್ತಾರೆ, ನಂತರ ಎರಡನೆಯದನ್ನು, ಮೂರನೆಯದನ್ನು, ಹೀಗೆ ಕೊನೆಗೆ ಯಾವ ವೈಫಲ್ಯವೂ ಇಲ್ಲದೆ ಕೆಲಸ ಪೂರ್ಣವಾಗುವವರೆಗೂ ಮುಂದುವರಿಸುತ್ತಾರೆ. ಆ ಇಡೀ ಸುತ್ತನ್ನು ಎರಡು ಬಾರಿ ನಡೆಸುತ್ತಾರೆ, ಒಮ್ಮೆ ಒಂದೇ ಕೋರಿಕೆ ವಿಫಲವಾಗುವಂತೆ, ಇನ್ನೊಮ್ಮೆ ಮೊದಲ ವೈಫಲ್ಯದ ನಂತರದ ಎಲ್ಲವೂ ವಿಫಲವಾಗುವಂತೆ. ಡಿಸ್ಕಿಗೆ ಬರೆಯುವಾಗ ಆಗಬಹುದಾದ ತಪ್ಪುಗಳಿಗೂ ಇದೇ ಕ್ರಮ. ಸಿ ಭಾಷೆಯ ಪ್ರೋಗ್ರಾಮುಗಳಲ್ಲಿ ಮೆಮೊರಿ ಸಿಗದಿದ್ದಾಗ ಏನಾಗುತ್ತದೆ ಎಂಬ ದಾರಿಯನ್ನು ಬರೆದವರೇ ಒಮ್ಮೆಯೂ ನಡೆದು ನೋಡಿರುವುದಿಲ್ಲ. ಇಂಟರ್‌ಪ್ರಿಟರಿನ ಒಂದು ಲೂಪಿನಿಂದ ಆ ದಾರಿಗಳನ್ನೆಲ್ಲ ಪ್ರತಿದಿನ ನಡೆದು ನೋಡುವುದು ಸಾಧ್ಯವಾಗಿರುವುದು ದೊಡ್ಡ ಸಾಧನೆಯೆಂದೇ ನಾನು ತಿಳಿಯುತ್ತೇನೆ.

ಹಾಗೆಂದು ಅವರು ಅಲ್ಲಿಗೇ ನಿಲ್ಲಿಸಲಿಲ್ಲ ಎಂಬುದನ್ನೂ ಹೇಳಬೇಕು. ಟಿಕಲ್ ಕೂರಿಸಲಾಗದ ಸಣ್ಣ ಯಂತ್ರಗಳಲ್ಲೂ ಓಡುವಂತೆ, ಪೂರ್ತಿ ಸಿ ಭಾಷೆಯಲ್ಲಿ ಬರೆದ ಟಿಎಚ್3 ಎಂಬ ಬೇರೊಂದು ಪರೀಕ್ಷಾ ಸಮೂಹವೂ ಅವರಲ್ಲಿದೆ. ಅದು ಗ್ರಾಹಕರ ಕೈಸೇರುವ ರೂಪದಲ್ಲೇ ಇರುವ ಕೋಡನ್ನು ಪರೀಕ್ಷಿಸುತ್ತದೆ. ಮೇಜಿನ ಮೇಲಿನ ಇಂಟರ್‌ಪ್ರಿಟರಿನಲ್ಲಿ ತೇರ್ಗಡೆಯಾದದ್ದು ಕೊನೆಯ ಯಂತ್ರದಲ್ಲೂ ತೇರ್ಗಡೆಯಾಗುತ್ತದೆ ಎಂಬ ಭರವಸೆ ಯಾರಿಗೂ ಇಲ್ಲ, ಅವರಿಗೂ ಇಲ್ಲ.

ನಮಗೆ ಅದರ ಅನುಭವ ಆದದ್ದು ಒಂದು ಬೈಟಿನ ಚಿಹ್ನೆಯ, ಅಂದರೆ ಅದು ಧನವೋ ಋಣವೋ ಎಂಬ, ವಿಷಯದಲ್ಲಿ. ಕನ್ನಡದ ಪ್ರತಿ ಸಂಕೇತದ ಮೊದಲ ಬೈಟ್ ಯುಟಿಎಫ್-8ರಲ್ಲಿ 224. ಸಿ ಭಾಷೆಯ ಬರೀ ಕ್ಯಾರ್ ಎಂಬ ಟೈಪು ಧನ ಋಣ ಎರಡನ್ನೂ ಹಿಡಿಯುತ್ತದೆಯೋ ಇಲ್ಲವೋ ಎಂಬುದನ್ನು ಭಾಷೆ ನಿಗದಿ ಮಾಡಿಲ್ಲ. ಇಂಟೆಲ್ ಬಗೆಯ ಕಂಪ್ಯೂಟರಿನಲ್ಲಿ ಅದು ಸಾಮಾನ್ಯವಾಗಿ ಎರಡನ್ನೂ ಹಿಡಿಯುವುದರಿಂದ 224 ಎಂಬುದು ಋಣ 32 ಆಗುತ್ತದೆ. ನಮ್ಮ ಉಪಕರಣದ ಆರ್ಮ್ ಚಿಪ್ಪಿನಲ್ಲಿ 224 ಆಗಿಯೇ ಉಳಿಯುತ್ತದೆ. ಬೈಟ್ 128ಕ್ಕಿಂತ ದೊಡ್ಡದೇ ಎಂದು ಕೇಳುವ ನಮ್ಮ ಒಂದು ಸಾಲು ಆರ್ಮ್‌ನಲ್ಲಿ ಸರಿಯಾದ ಉತ್ತರ ಕೊಟ್ಟರೆ ಮೇಜಿನ ಮೇಲೆ ಎಂದೂ ನಿಜವಾಗುತ್ತಿರಲಿಲ್ಲ. ಕಂಪೈಲರಿಗೆ ಒಂದು ಸೂಚನೆ ಕೊಟ್ಟು ಇದನ್ನು ಮುಚ್ಚಿಹಾಕಬಹುದಿತ್ತು. ನಾವು ಕೋಡನ್ನೇ ತಿದ್ದಿ, ಚಿಹ್ನೆಯಿಲ್ಲದ ಎಂಟು ಬಿಟ್ಟಿನ ಟೈಪನ್ನು ಸ್ಪಷ್ಟವಾಗಿ ಬರೆದೆವು. ಎರಡು ಯಂತ್ರಗಳಲ್ಲಿ ಓಡಿಸಿದ್ದರಿಂದಲೇ ಬೆಳಕಿಗೆ ಬಂದ ದೋಷ ಅದು.

ಇನ್ನು ಅಪಾಯಗಳ ವಿಷಯ. ಸಿ ಕೋಡ್ ತಪ್ಪು ಜಾಗವನ್ನು ಮುಟ್ಟಿದರೆ ಪೈಥಾನ್ ಒಂದು ಎಕ್ಸೆಪ್ಶನ್ ಕೊಟ್ಟು ಸುಮ್ಮನಾಗುವುದಿಲ್ಲ, ಇಂಟರ್‌ಪ್ರಿಟರೇ ಅಲ್ಲಿಗೆ ಮುಗಿಯುತ್ತದೆ, ಜೊತೆಗೆ ಅಲ್ಲಿಯವರೆಗಿನ ನಿಮ್ಮ ಮಾತುಕತೆಯೆಲ್ಲ ಹೋಗುತ್ತದೆ. ಆದ್ದರಿಂದ ಅಪಾಯದ ಪರೀಕ್ಷೆಗಳನ್ನು ಬೇರೆ ಪ್ರೊಸೆಸ್ಸಿನಲ್ಲಿ ನಡೆಸಿ, ಪೈಥಾನಿನ ಫಾಲ್ಟ್‌ಹ್ಯಾಂಡ್ಲರ್ ಎಂಬ ಮಾಡ್ಯೂಲನ್ನು ಚಾಲೂ ಇಟ್ಟುಕೊಳ್ಳಿ. ಬೀಳುವ ಮುನ್ನ ಪೈಥಾನಿನ ಯಾವ ಸಾಲಿನಲ್ಲಿತ್ತು ಎಂಬುದನ್ನಾದರೂ ಅದು ಹೇಳುತ್ತದೆ. ಸಿ ಕೋಡಿಗೆ ಪೈಥಾನಿನ ಫಂಕ್ಷನ್ನೊಂದನ್ನು ಕಾಲ್‌ಬ್ಯಾಕ್ ಆಗಿ, ಅಂದರೆ ಅದು ಮುಂದೆ ಕರೆಯಲೆಂದು, ಕೊಟ್ಟರೆ ಆ ವಸ್ತುವನ್ನು ಒಂದು ಹೆಸರಿಗೆ ಕಟ್ಟಿ ಹಿಡಿದಿಟ್ಟುಕೊಳ್ಳಿ, ಇಲ್ಲವಾದರೆ ಪೈಥಾನ್ ಅದನ್ನು ಕಸವೆಂದು ಗುಡಿಸಿದ ಮೇಲೆ ಸಿ ಕೋಡ್ ಅದನ್ನು ಕರೆಯುತ್ತದೆ. ಸಿ ಫೈಲನ್ನು ತಿದ್ದಿ ಮತ್ತೆ ಕಂಪೈಲ್ ಮಾಡಿದ ಮೇಲೆ ಇಂಟರ್‌ಪ್ರಿಟರನ್ನು ಮುಚ್ಚಿ ತೆರೆಯಿರಿ. ಒಮ್ಮೆ ಲೋಡ್ ಆದ ಲೈಬ್ರರಿ ತಾನಾಗಿ ಹೊಸದಾಗುವುದಿಲ್ಲ. ತಿದ್ದಿದ ಮೇಲೂ ದೋಷ ಹೋಗುತ್ತಿಲ್ಲವೆಂದು ಅರ್ಧ ದಿನ ಹುಡುಕಿದ ನೆನಪು ನನಗಿದೆ.

ಎಲ್ಲ ಒಳ ಫಂಕ್ಷನ್‌ಗಳನ್ನೂ ಹೊರಗೆ ತೋರಿಸಬೇಕೇ ಎಂದು ಉಪನ್ಯಾಸದ ನಡುವೆ ಒಬ್ಬ ವಿದ್ಯಾರ್ಥಿನಿ ಕೇಳಿದರು. ಬೇಡ ಎಂಬುದೇ ನನ್ನ ಅಭಿಪ್ರಾಯ. ಒಳಗಿನದ್ದಕ್ಕೆಲ್ಲ ಪರೀಕ್ಷೆ ಬರೆದರೆ ನಾಳೆ ಒಳರಚನೆ ಬದಲಿಸುವಾಗ ಪರೀಕ್ಷೆಗಳೇ ಅಡ್ಡ ಬರುತ್ತವೆ. ಎಸ್‌ಕ್ಯುಲೈಟಿನವರು ಮಾಡಿದಂತೆ, ಹೊರಗಿನಿಂದ ಬೇರೆ ಯಾವ ದಾರಿಯಿಂದಲೂ ಹುಟ್ಟಿಸಲಾಗದ ಸ್ಥಿತಿಗಳಿಗೆ ಮಾತ್ರ ಒಳಗಿನ ಬಾಗಿಲು ತೆರೆಯಿರಿ, ಅದನ್ನೂ ಪರೀಕ್ಷೆಗೆಂದೇ ಕಟ್ಟುವ ಪ್ರತಿಯಲ್ಲಿ ಮಾತ್ರ. ಇದಕ್ಕಿಂತ ಮುಖ್ಯವಾದದ್ದು, ಯಂತ್ರಾಂಶವನ್ನು ಮುಟ್ಟುವ ಕೋಡನ್ನೂ ಲೆಕ್ಕಾಚಾರದ ಕೋಡನ್ನೂ ಬೇರೆ ಬೇರೆ ಫೈಲುಗಳಲ್ಲಿಡುವುದು. ನಮ್ಮ ಕತ್ತರಿಸುವ ಫಂಕ್ಷನ್ ಮೊದಲು ಪರದೆಗೆ ಬರೆಯುವ ಕೋಡಿನ ನಡುವೆಯೇ ಹುದುಗಿತ್ತು. ಅದನ್ನು ಅಲ್ಲಿಂದ ಬಿಡಿಸಿ ತೆಗೆಯಲು ಎರಡು ದಿನ ಹಿಡಿಯಿತು, ಇಂಟರ್‌ಪ್ರಿಟರಿಗೆ ತೋರಿಸಲು ಹಿಡಿದದ್ದು ಹತ್ತು ನಿಮಿಷ.

ಇಂಟರ್‌ಪ್ರಿಟರಿನಲ್ಲಿ ಕೇಳಿದ ಒಳ್ಳೆಯ ಪ್ರಶ್ನೆ ಅಂದೇ ಫೈಲಿಗೆ ಇಳಿಯಬೇಕು. ಮೆಜೆಸ್ಟಿಕ್, ರಾಜ್‌ಕುಮಾರ್ ರಸ್ತೆ, ಬಿಡಿಸಿ ಬರೆದ ಶ್ರೀರಂಗಪಟ್ಟಣ ಈ ಮೂರೂ ಅಂದು ಸಂಜೆಯೇ, ಪರೀಕ್ಷೆಗಳನ್ನು ತಾನಾಗಿ ಓಡಿಸುವ ಪೈಟೆಸ್ಟ್ ಎಂಬ ಪೈಥಾನ್ ಸಾಧನದ ಫೈಲಿಗೆ ಸೇರಿದವು. ಮುಂದೆ ಉಪಕರಣದ ಸೀರಿಯಲ್ ಪೋರ್ಟಿನ ಮೂಲಕ ಹೆಸರು ಮತ್ತು ಮಿತಿಯನ್ನು ಕಳುಹಿಸಿ, ಕತ್ತರಿಸಿದ ಬೈಟ್‌ಗಳನ್ನು ವಾಪಸು ಪಡೆಯುವ ಸಣ್ಣ ವ್ಯವಸ್ಥೆಯೊಂದನ್ನು ಮಾಡಿಕೊಂಡೆವು. ಪೈಥಾನ್ ಬದಿಯಲ್ಲಿ ಬದಲಾದದ್ದು ಫಂಕ್ಷನನ್ನು ಕರೆಯುವ ಒಂದು ಜಾಗ ಮಾತ್ರ: ಅದು ಸಿಟೈಪ್ಸ್ ಮೂಲಕ ಲೈಬ್ರರಿಗೆ ಹೋಗಬಹುದು, ಇಲ್ಲವೇ ತಂತಿಯ ಮೂಲಕ ಚಿಪ್ಪಿಗೆ ಹೋಗಬಹುದು. ಅದೇ ಹೆಸರುಗಳು, ಅದೇ ಷರತ್ತುಗಳು. ಲೈಬ್ರರಿಯ ಸುತ್ತು ಪ್ರತಿ ಬಾರಿ ಫೈಲು ಉಳಿಸಿದಾಗಲೂ ನಡೆಯುತ್ತಿತ್ತು, ಚಿಪ್ಪಿನ ಸುತ್ತು ರಾತ್ರಿಯಿಡೀ ನಡೆದು ಬೆಳಿಗ್ಗೆ ನಾವು ಬರುವಷ್ಟರಲ್ಲಿ ಮುಗಿದಿರುತ್ತಿತ್ತು. ಈಗ 31 ಬೈಟಿನ ಮಿತಿಗೆ ಎರಡೂ ಕಡೆಯಿಂದ ಬರುವ ಉತ್ತರ 'ಶ್ರೀರಂಗಪ', 24 ಬೈಟ್.